ಬೆಣ್ಣೆ, ಸಬ್ಬಸಿಗೆ ಮತ್ತು ನಾರ್ವೆಯ ಮೀನು

ಬೆಂಗಳೂರಿನಲ್ಲಿ ಯಾರದಾದರೂ ಮನೆಗೆ ಊಟಕ್ಕೆ ಹೋದಾಗ "ಇವತ್ತು ಸಾಲ್ಮನ್ ಮಾಡಿದೀವಿ" ಅಂದರೆ ನನಗೆ ಒಳಗೊಳಗೇ ಅಳುಕು. ಮೀನು ಕೆಟ್ಟದಾಗಿರುತ್ತದೆ ಅಂತಲ್ಲ. ಅದನ್ನು ಅತಿ ಮರ್ಯಾದೆಯಿಂದ ಮಾಡಿರುತ್ತಾರೆ. ದೊಡ್ಡ ಬಿಳಿ ತಟ್ಟೆ. ನಡುವೆ ಗುಲಾಬಿ ಬಣ್ಣದ ಒಂದು ತುಂಡು. ಮೇಲೊಂದು ನಿಂಬೆ ಬಿಲ್ಲೆ. ಸುತ್ತ ಕರಗಿದ ಬೆಣ್ಣೆ, ಅದರಲ್ಲಿ ಎಣಿಸಬಹುದಾದಷ್ಟು ಹಸಿರು ಚುಕ್ಕಿ. ಅದೇ ಮನೆಯಲ್ಲಿ ಬಂಗುಡೆ ತಂದ ದಿನ ಮುಷ್ಟಿಗಟ್ಟಲೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ ಬೀಳುತ್ತದೆ. ಕೈ ನಡುಗುವುದಿಲ್ಲ. ಸಾಲ್ಮನ್ ಬಂದ ದಿನ ಮಾತ್ರ ಕಾಳುಮೆಣಸಿನ ಪುಡಿಯನ್ನೂ ಚಿಟಿಕೆ ಲೆಕ್ಕದಲ್ಲಿ ಹಾಕುತ್ತಾರೆ. ಎಲ್ಲರೂ ಒಂದು ತುತ್ತು ತಿಂದು "ಸೂಪರ್" ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಮೆಲ್ಲಗೆ ಉಪ್ಪಿನಕಾಯಿ ಕೇಳುತ್ತಾರೆ.

ಇದರ ಹಿಂದೆ ಇರುವುದು ದುಡ್ಡು ಅಂತ ನನ್ನ ಅನುಮಾನ. ಸಾಲ್ಮನ್ ಬೆಲೆ ಕುರಿ ಮಾಂಸದ ದುಪ್ಪಟ್ಟಿಗಿಂತ ಜಾಸ್ತಿ. ಅಷ್ಟು ಕೊಟ್ಟು ತಂದ ಮೇಲೆ ಅದರ "ಒರಿಜಿನಲ್ ರುಚಿ" ಹೋಗಬಾರದು ಅನ್ನುವ ಭಯ ಹತ್ತಿಕೊಳ್ಳುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ರೆಸಿಪಿಗಳೂ ಈ ಭಯಕ್ಕೆ ತಕ್ಕ ಹಾಗೇ ಇರುತ್ತವೆ. ಮೇಲೆ ದಪ್ಪ ಅಕ್ಷರದಲ್ಲಿ "ಬೋಲ್ಡ್ ಹರ್ಬ್ ಬಟರ್ ಸಾಸ್" ಅಂತ ಇರುತ್ತದೆ. ಒಳಗೆ ಓದಿದರೆ ಒಂದು ಚಮಚ ಪಾರ್ಸ್ಲಿ, ಒಂದು ಎಸಳು ಬೆಳ್ಳುಳ್ಳಿ, ನಾಲ್ಕು ಹನಿ ನಿಂಬೆರಸ. ನಾನು ಕುಂದಾಪುರದ ಕಡೆಯವಳು. ನಮ್ಮಲ್ಲಿ ಇಷ್ಟನ್ನು ಮಗುವಿನ ಅನ್ನಕ್ಕೂ ಹಾಕುತ್ತಾರೆ.

ಇನ್ನೊಂದು ಗುಂಪೂ ಇದೆ. ಅವರಿಗೆ ಯಾವ ಅಳುಕೂ ಇಲ್ಲ. ಸಾಲ್ಮನ್ ಆಗಲಿ, ಅಂಜಲ್ ಆಗಲಿ, ಅದೇ ಕೆಂಪು ಮಸಾಲೆ, ಅದೇ ಕಾವಲಿ, ಅದೇ ಉರಿ. ಈ ಧೈರ್ಯ ನನಗೆ ಇಷ್ಟ. ಆದರೆ ತಿಂದಾಗ ಮಸಾಲೆ ಒಂದು ಕಡೆ, ಮೀನು ಒಂದು ಕಡೆ. ಎರಡೂ ಒಂದೇ ತಟ್ಟೆಯಲ್ಲಿ ಸುಮ್ನೆ ಪಕ್ಕಪಕ್ಕ ಕೂತಿರುತ್ತವೆ. ಸಪ್ಪೆ ಬೇಡ, ಮಸಾಲೆ ಕೂರುವುದಿಲ್ಲ ಅಂದಮೇಲೆ ಈ ಮೀನಿಗೆ ಖಡಕ್ ರುಚಿ ಎಲ್ಲಿಂದ ಬರಬೇಕು? ಬಹಳ ಕಾಲ ಇದು ತಲೆ ಕೊರೆಯುತ್ತಿತ್ತು. ಈಗ ನನಗೆ ಅನಿಸುವುದು ಇಷ್ಟು: ಸಾಲ್ಮನ್‌ಗೆ ಜೋರು ರುಚಿಯ ಭಯವೇ ಇಲ್ಲ. ಅದಕ್ಕೆ ಇರುವುದು ಉರಿಯ ಭಯ. ಜೋರೆಲ್ಲ ಸಾಸ್‌ನಲ್ಲಿ ಇರಬೇಕು. ಅದೂ ಮೆಣಸಿನ ಪುಡಿಯ ಜೋರಲ್ಲ, ಹುಳಿ ಮತ್ತು ಹಸಿ ಸೊಪ್ಪಿನ ಜೋರು.

ಜೂನ್ ತಿಂಗಳಲ್ಲಿ

ನಮ್ಮ ಮನೆಯಲ್ಲಿ ಸಾಲ್ಮನ್ ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆ ಎರಡು ತಿಂಗಳು ಬೆಂಗಳೂರಿನ ಮೀನು ಪ್ರಿಯರ ಮುಖ ನೋಡಬೇಕು. ಬಂಗುಡೆಯ ರೇಟು ಏರುತ್ತದೆ. ಅಂಜಲ್ ಕೇಳುವ ಹಾಗೇ ಇರುವುದಿಲ್ಲ. ಐಸಿನಲ್ಲಿ ಎಷ್ಟು ದಿನ ಮಲಗಿತ್ತೋ ಗೊತ್ತಾಗದ ಮೀನನ್ನು ಕಿವಿರು ಎತ್ತಿ ನೋಡಿ, ಮೂಸಿ, ವಾಪಸ್ ಇಡುತ್ತೇವೆ. ನಾರ್ವೆಯ ಸಾಲ್ಮನ್‌ಗೆ ನಮ್ಮ ಮಳೆಗಾಲದ ಹಂಗಿಲ್ಲ. ಅದು ಕೆರೆ ಮೀನಿನ ಹಾಗೆ ಸಾಕಿದ್ದು, ಕೆರೆಯ ಬದಲು ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿರುತ್ತಾರೆ. ವರ್ಷವಿಡೀ ಸಿಗುತ್ತದೆ.

ಒಂದು ಜೂನ್ ತಿಂಗಳ ಭಾನುವಾರ ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ನೆಲವೆಲ್ಲ ಐಸ್ ನೀರು. ಯಾವಾಗಲೂ ನಾನು ಹೋಗುವ ಅಂಗಡಿಯವರು ಒಂದು ಉದ್ದನೆಯ ಬೆಳ್ಳಿ ಬಣ್ಣದ ಮೀನನ್ನು ಎತ್ತಿ ತೋರಿಸಿದರು.

"ಮೇಡಂ, ಸಾಲ್ಮನ್. ಫ್ರೆಶ್ ಐತೆ. ತಗೊಳ್ಳಿ."

ನೋಡಿದರೆ ರಾವಸ್. "ಇದು ರಾವಸ್ ಅಲ್ವಾ ಭಾಯ್?" ಅಂದೆ.

"ಅದೇ ಮೇಡಂ. ಇಂಡಿಯನ್ ಸಾಲ್ಮನ್."

"ನಾರ್ವೆದು?"

"ಅದು ಒಳಗೈತೆ. ಚರ್ಮ ಬೇಕಾ, ತೆಗೀಲಾ?" ಅಂತ ಕೇಳುತ್ತಲೇ ಥರ್ಮೋಕೋಲ್ ಡಬ್ಬಿ ಎಳೆದರು. ಆಮೇಲೆ ರಾವಸ್ ಕಡೆ ಗಲ್ಲ ತೋರಿಸಿ, "ನಮ್ಮ ಮನೇಲಿ ನಾವು ತಿನ್ನೋದು ಇದೇ. ಅದು ಅಪಾರ್ಟ್‌ಮೆಂಟ್‌ನೋರು ತಗೊಂಡು ಹೋಗ್ತಾರೆ" ಅಂದರು. ನಾನೂ ಅಪಾರ್ಟ್‌ಮೆಂಟಿನವಳೇ. ಸುಮ್ಮನೆ ದುಡ್ಡು ಕೊಟ್ಟೆ.

ಆನ್‌ಲೈನಿನಲ್ಲಿ ಮೀನು ತರಿಸುವವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ರಾವಸ್ ಬಹಳ ಒಳ್ಳೆಯ ಮೀನು. ಆದರೆ ಅದಕ್ಕೂ ಸಾಲ್ಮನ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಮಾಂಸ ಬಿಳಿ, ಕೊಬ್ಬು ಕಡಿಮೆ. ಅದಕ್ಕೆ ಗಸಿ ಮಾಡಿ, ಮಸಾಲೆ ಸವರಿ ಕಾಯಿಸಿ, ಏನು ಬೇಕಾದರೂ ಮಾಡಿ. ಈ ಬರಹದಲ್ಲಿ ನಾನು ಹೇಳುತ್ತಿರುವುದು ಅಟ್ಲಾಂಟಿಕ್ ಸಾಲ್ಮನ್ ಬಗ್ಗೆ. 1970ರಲ್ಲಿ ನಾರ್ವೆಯ ಹಿತ್ರಾ ಎಂಬ ದ್ವೀಪದಲ್ಲಿ ಗ್ರೋಂಟ್ವೆಟ್ ಹೆಸರಿನ ಅಣ್ಣತಮ್ಮಂದಿರು ಸಮುದ್ರದ ಪಂಜರದಲ್ಲಿ ಇದನ್ನು ಸಾಕಿ ಗೆದ್ದರು. ಇವತ್ತು ನಾರ್ವೆ ಒಂದೇ ವರ್ಷಕ್ಕೆ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ಬೆಳೆಯುತ್ತದೆ. ನಾವು ಮರ್ಯಾದೆ ಕೊಟ್ಟು ಮುಟ್ಟಲು ಹೆದರುವ ಆ ಗುಲಾಬಿ ಬಣ್ಣ ಇದೆಯಲ್ಲ, ಅದು ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ವಸ್ತುವಿನಿಂದ ಬಂದದ್ದು. ಕಾಡು ಸಾಲ್ಮನ್‌ಗೆ ಅದು ಸಣ್ಣ ಸಿಗಡಿ ಜಾತಿಯ ಜೀವಿಗಳನ್ನು ತಿಂದು ಸಿಗುತ್ತದೆ. ಸಾಕಿದ ಮೀನಿಗೆ ಮೇವಿನಲ್ಲೇ ಬೆರೆಸಿ ಕೊಡುತ್ತಾರೆ. ಕೊಡದಿದ್ದರೆ ಮಾಂಸ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಇದು ತಿಳಿದ ದಿನ ನನ್ನ ಅಳುಕು ಅರ್ಧ ಇಳಿಯಿತು. ಫಾರಂ ಮೀನು ತಾನೆ? ದೇವರ ಪ್ರಸಾದವೇನಲ್ಲ.

ಮಸಾಲೆ ಯಾಕೆ ಕೂರುವುದಿಲ್ಲ

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳದ್ದು ಒಂದೇ ಮಾತು. "ಎಂತ ಮರಾಯ್ತಿ, ಅಷ್ಟ್ ದುಡ್ಡ್ ಕೊಟ್ ಮೀನ್ ತಂದ್ ಬೆಣ್ಣಿಯಂಗ್ ಹಾಕುದಾ? ಒಂಚೂರ್ ಮಸಾಲಿ ಅರ್ದ್ ಹಾಕ್." ಅಮ್ಮನ ಮಾತಿನಲ್ಲಿ ಒಂದು ನ್ಯಾಯ ಇದೆ. ಕರಾವಳಿಯ ಮಸಾಲೆ ಸುಮ್ನೆ ಖಾರಕ್ಕಾಗಿ ಹುಟ್ಟಿದ್ದಲ್ಲ. ಸಮುದ್ರದ ಮೀನು ಸತ್ತ ಮೇಲೆ ಅದರಲ್ಲಿ ಟ್ರೈಮಿಥೈಲ್ ಅಮೈನ್ ಎಂಬ ವಸ್ತು ಹುಟ್ಟುತ್ತದೆ. ನಾವು ಮೀನು ವಾಸನೆ ಅನ್ನುವುದು ಅದನ್ನೇ. ಹುಳಿ ಅದನ್ನು ಕಟ್ಟಿಹಾಕುತ್ತದೆ. ಹುಣಸೆಯೋ ಪುನರ್ಪುಳಿಯೋ ಇಲ್ಲದ ಮೀನು ಸಾರು ನಮ್ಮಲ್ಲಿ ಇಲ್ಲದಿರುವುದಕ್ಕೆ ಇದು ಒಂದು ಕಾರಣ. ಯುರೋಪಿನವರು ನಿಂಬೆ ಹಿಂಡುವುದೂ ಇದಕ್ಕೇ. ಅಲ್ಲಿಗೆ ಇಬ್ಬರೂ ಒಂದೇ ದಾರಿಯಲ್ಲಿ ಇದ್ದೇವೆ.

ದಾರಿ ಬೇರೆಯಾಗುವುದು ತುಂಡಿನ ದಪ್ಪದಲ್ಲಿ. ಬಂಗುಡೆಗೆ ಎರಡೂ ಕಡೆ ಗೀರು ಹಾಕುತ್ತೇವೆ. ಮಸಾಲೆ ಮುಳ್ಳಿನವರೆಗೆ ಇಳಿಯುತ್ತದೆ. ಮೈ ತೆಳ್ಳಗೆ. ಮಸಾಲೆ ಗರಿಗರಿಯಾಗುವ ಹೊತ್ತಿಗೆ ಮೀನೂ ಬೆಂದಿರುತ್ತದೆ. ಬಾಯಿಗೆ ಬರುವ ಪ್ರತಿ ತುತ್ತಿನಲ್ಲೂ ಮಸಾಲೆ ಇರುತ್ತದೆ. ಸಾಲ್ಮನ್ ತುಂಡು ಒಂದು ಇಂಚಿಗಿಂತ ದಪ್ಪ. ಅರೆದ ಹಸಿ ಮಸಾಲೆ ಬೇಯಬೇಕು ಅಂತ ಕಾದರೆ ಒಳಗಿನ ಮೀನು ಹತ್ತಿಯಾಗುತ್ತದೆ. ಮೀನಿಗೆ ಸರಿಯಾದ ಹೊತ್ತಿಗೆ ಇಳಿಸಿದರೆ ಮಸಾಲೆ ಹಸಿ ಹಸಿ. ಅದೂ ಅಲ್ಲದೆ ಸಾಕಿದ ಸಾಲ್ಮನ್‌ನಲ್ಲಿ 100 ಗ್ರಾಂಗೆ ಸುಮಾರು 13 ಗ್ರಾಂ ಕೊಬ್ಬು ಇರುತ್ತದೆ. ಒಣ ಮೆಣಸಿನ ಖಾರ ಕೊಬ್ಬಿನಲ್ಲಿ ಕರಗಿ ನಾಲಿಗೆ ತುಂಬ ಹರಡುತ್ತದೆ, ಆದರೆ ಕೊಬ್ಬಿನ ಭಾರ ಕಡಿಮೆಯಾಗುವುದಿಲ್ಲ. ಅರ್ಧ ತುಂಡು ತಿನ್ನುವಾಗಲೇ ಸಾಕು ಅನಿಸುತ್ತದೆ. ಭಾರ ಇಳಿಸುವುದು ಹುಳಿ ಮತ್ತು ಹಸಿರು.

ಫ್ರಾನ್ಸಿನವರಿಗೆ ಇದು ಗೊತ್ತಿತ್ತು. ರೋವಾನ್ ಎಂಬ ಊರಿನ ತ್ರುವಾಗ್ರೋ ಸಹೋದರರು, ಜಾನ್ ಮತ್ತು ಪಿಯರ್, 1960ರ ದಶಕದಲ್ಲಿ ಒಂದು ಅಡುಗೆಯಿಂದ ಲೋಕಪ್ರಸಿದ್ಧರಾದರು. ಸಾಲ್ಮನ್‌ನ ತೆಳುವಾದ ಹೋಳು, ಅದಕ್ಕೆ ಸಾರೆಲ್ ಎಂಬ ಹುಳಿ ಸೊಪ್ಪಿನ ಕ್ರೀಮ್ ಸಾಸ್. ಮೀನನ್ನು ಕಾವಲಿಗೆ ಹಾಕಿ ಕ್ಷಣದಲ್ಲಿ ತೆಗೆಯುತ್ತಿದ್ದರು. ಸಾಸ್ ಮೊದಲು ತಟ್ಟೆಗೆ, ಮೀನು ಅದರ ಮೇಲೆ. ಎಲ್ಲರೂ ಮೀನಿನ ಮೇಲೆ ಸಾಸ್ ಸುರಿಯುತ್ತಿದ್ದ ಕಾಲದಲ್ಲಿ ಅವರು ಅದನ್ನು ಉಲ್ಟಾ ಮಾಡಿದರು. ಬಿಸಿ ಸಾಸಿನ ಕೆಳಗೆ ಸಿಕ್ಕಿ ಮೀನು ಇನ್ನಷ್ಟು ಬೇಯುವುದು ತಪ್ಪಿತು. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಆ ಹುಳಿ ಸೊಪ್ಪು. ಮೀನಿಗೆ ಪುಂಡಿ ಸೊಪ್ಪು ಹಾಕುವ ಆಂಧ್ರದವರಿಗೆ ಇದೇನು ಹೊಸದಲ್ಲ.

ಅತ್ತೆ ಬಂದಾಗ

ನನ್ನ ಗಂಡನ ಮನೆ ಹಾಸನದ ಕಡೆ. ಅತ್ತೆ ಬೆಂಗಳೂರಿಗೆ ಬಂದರೆ ಬೆಳಗ್ಗೆ ಎದ್ದು ಮೊದಲು ಮಾಡುವ ಕೆಲಸ, ಗೇಟಿನ ಹತ್ತಿರ ಬರುವ ತಳ್ಳುಗಾಡಿಯವನ ಜೊತೆ ಜಗಳ. ಒಂದು ಸಲ ಕೈತುಂಬ ಸಬ್ಬಸಿಗೆ ಸೊಪ್ಪು ಹಿಡಿದುಕೊಂಡು ಬಂದರು. ಅದೇ ಹೊತ್ತಿಗೆ ನಾನು ಫ್ರಿಜ್ಜಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದೆ. ಸೂಪರ್ ಮಾರ್ಕೆಟ್ಟಿನಲ್ಲಿ ತಂದ "ಡಿಲ್". ನಾಲ್ಕೈದು ಕಡ್ಡಿ, ಒಳಗೆ ಒಂದು ಒದ್ದೆ ಕಾಗದ.

ಅತ್ತೆ ಡಬ್ಬಿ ತೆರೆದು ಮೂಸಿದರು. "ಏನಮ್ಮ ಇದು, ಸಬ್ಬಸ್ಗೆನ ಡಬ್ಬೀಲಿ ಹಾಕಿ ಮಾರ್ತಾರಾ?"

"ಸ್ವಲ್ಪ ಬೇರೆ ಜಾತಿ ಅತ್ತೆ. ವಿದೇಶಿ ಅಡುಗೆಗೆ ಹಾಕ್ತಾರೆ."

"ಎಷ್ಟು?"

ಹೇಳಿದೆ. ಅತ್ತೆ ಏನೂ ಅನ್ನಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ಪಕ್ಕಕ್ಕಿಟ್ಟು ತಮ್ಮ ಕಟ್ಟನ್ನು ಬಿಚ್ಚಿದರು.

ನಾರ್ವೆ, ಸ್ವೀಡನ್ನಿನಲ್ಲಿ ಸಾಲ್ಮನ್ ಇದ್ದಲ್ಲಿ ಸಬ್ಬಸಿಗೆ ಇರಲೇಬೇಕು. ಹಸಿ ಸಾಲ್ಮನ್‌ಗೆ ಉಪ್ಪು, ಸಕ್ಕರೆ, ರಾಶಿ ಸಬ್ಬಸಿಗೆ ಹಾಕಿ ಒಂದೆರಡು ದಿನ ಅದುಮಿಟ್ಟು ತೆಳ್ಳಗೆ ಕೊಯ್ದು ತಿನ್ನುತ್ತಾರೆ. ಅದಕ್ಕೆ ಸಾಸಿವೆ ಸಾಸ್. ಅಲ್ಲಿ ಇದು ಹಬ್ಬದ ಊಟ. ಇಲ್ಲಿ ನಮಗೆ ಸಬ್ಬಸಿಗೆ ಅಂದರೆ ಅಕ್ಕಿ ರೊಟ್ಟಿ, ಚಳಿಗಾಲದ ಅವರೆಕಾಳು, ಬಾಣಂತಿ ಊಟ. ಮಗುವಿನ ಗ್ರೈಪ್ ವಾಟರಿನಲ್ಲಿ ಇರುವುದೂ ಇದರದೇ ಬೀಜದ ಎಣ್ಣೆ. (ನನ್ನ ಗೆಳತಿಯೊಬ್ಬಳು ಸಬ್ಬಸಿಗೆ ಮುಟ್ಟುವುದಿಲ್ಲ. ಮೂಸಿದರೆ ತೊಟ್ಟಿಲು ನೆನಪಾಗುತ್ತದಂತೆ.) ಹಾಸನ, ಮಂಡ್ಯದ ಕಡೆ ಕೈಮಕ್ಕೂ ಹಾಕುತ್ತಾರೆ. ಇದನ್ನು ನಾನು ಮದುವೆಯಾದ ಮೇಲೆ ನೋಡಿದ್ದು. ಕುರಿಯ ಕೊಬ್ಬಿಗೆ ಸಬ್ಬಸಿಗೆಯ ಘಾಟು ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವುದು ಕರಾವಳಿಯವರಿಗೆ ಗೊತ್ತೇ ಇಲ್ಲ. ನಮಗೆ ಸೊಪ್ಪು ಬೇರೆ, ಮಾಂಸ ಬೇರೆ.

ಅವತ್ತು ಅತ್ತೆ ಕೈಮ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಸೊಪ್ಪನ್ನು ಎರಡು ಪಾಲು ಮಾಡಿದರು. ಎಳೆ ದಂಟನ್ನು ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಎಣ್ಣೆಗೆ ಹಾಕಿದರು. ಎಲೆಯನ್ನು ಹಾಗೇ ಇಟ್ಟುಕೊಂಡರು. ಎಲ್ಲ ಬೆಂದು, ಒಲೆ ಆರಿಸಿ, ಪಾತ್ರೆ ಕೆಳಗಿಟ್ಟ ಮೇಲೆ ಎಲೆ ಬಿತ್ತು. ಮುಚ್ಚಳ ಮುಚ್ಚಿದರು.

"ಯಾಕೆ ಅತ್ತೆ, ಎಲ್ಲಾ ಒಟ್ಟಿಗೆ ಹಾಕಲ್ವಾ?"

"ಒಟ್ಟಿಗೆ ಹಾಕಿದ್ರೆ ಘಮ ಎಲ್ಲಿ ಉಳೀತದೆ? ದಂಟು ಬೇಯ್ಬೇಕು. ಎಲೆ ಬಾಡ್ಬೇಕು ಅಷ್ಟೆ."

ನಾನು ಓದಿದ ಯಾವ ಹರ್ಬ್ ಬಟರ್ ರೆಸಿಪಿಯಲ್ಲೂ ಇದು ಇರಲಿಲ್ಲ. ದಂಟು ಕಸಕ್ಕೆ, ಎಲೆ ಬೆಣ್ಣೆಗೆ, ಅಷ್ಟೇ ಇರುತ್ತಿತ್ತು. ಆದರೆ ಸಬ್ಬಸಿಗೆಯ ದಂಟು ಬೆಣ್ಣೆಯಲ್ಲಿ ನಿಧಾನಕ್ಕೆ ಬೆಂದರೆ ಸೋಂಪಿನ ಸಿಹಿ ಬರುತ್ತದೆ. ಎಲೆ ಹಸಿಯಾಗಿ ಕೊನೆಗೆ ಬಿದ್ದರೆ ಮೂಗಿಗೆ ಹೊಡೆಯುವ ಘಮ. ಒಂದೇ ಕಟ್ಟಿನಿಂದ ಎರಡು ರುಚಿ. ಸಾಸಿನ ಜೋರು ಇಲ್ಲಿಂದ ಬರುತ್ತದೆ. ನಮ್ಮ ತಳ್ಳುಗಾಡಿಯ ಸಬ್ಬಸಿಗೆಗೆ ಡಬ್ಬಿಯದಕ್ಕಿಂತ ಘಾಟು ಜಾಸ್ತಿ. ಡಬ್ಬಿಯ ಸೊಪ್ಪು ಏನಾಯಿತು ಅಂತ ಕೇಳಬೇಡಿ. ಮರುದಿನ ಅದೂ ಅಕ್ಕಿ ರೊಟ್ಟಿಗೇ ಹೋಯಿತು.

ಬೇರೆ ಸೊಪ್ಪುಗಳ ಬಗ್ಗೆಯೂ ಒಂದು ಮಾತು. ಪಾರ್ಸ್ಲಿ ಇಲ್ಲ ಅಂತ ಕೊರಗಬೇಕಿಲ್ಲ. ಕೊತ್ತಂಬರಿ ಚೆನ್ನಾಗಿಯೇ ಆಗುತ್ತದೆ, ಆದರೆ ಸಬ್ಬಸಿಗೆಯ ಅರ್ಧದಷ್ಟಿರಲಿ. ಇಲ್ಲದಿದ್ದರೆ ಗ್ರೀನ್ ಚಟ್ನಿ ನೆನಪಾಗುತ್ತದೆ. ಪುದೀನ ಬೇಡ. ಅದು ಬಂದರೆ ಬೇರೆ ಯಾರನ್ನೂ ಮಾತಾಡಲು ಬಿಡುವುದಿಲ್ಲ. ಕರಿಬೇವು ನನ್ನ ಸೇರ್ಪಡೆ. ನಾಲ್ಕು ಎಲೆ ಬೆಣ್ಣೆಯಲ್ಲಿ ಗರಿಗರಿಯಾಗಲಿ, ಮೇಲೆ ಪುಡಿ ಮಾಡಿ ಉದುರಿಸಿ. ಕರಾವಳಿಯವಳಿಗೆ ಅಷ್ಟೂ ಸಿಗದಿದ್ದರೆ ಹೇಗೆ?

ಬೆಣ್ಣೆ ಒಡೆಯುವುದು

ಬೆಣ್ಣೆ ದೋಸೆಯ ಮೇಲೆ ಪ್ರಾಣ ಇಟ್ಟಿರುವ ಈ ಊರಿಗೆ ಬೆಣ್ಣೆಯ ಪಾಠ ಹೇಳುವುದು ಧೈರ್ಯದ ಕೆಲಸ. ಆದರೂ ಹೇಳುತ್ತೇನೆ. ಕರಗಿದ ಬೆಣ್ಣೆ ಬೇರೆ, ಬೆಣ್ಣೆಯ ಸಾಸ್ ಬೇರೆ. ಅಂಗಡಿಯ ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು. ಉಳಿದದ್ದರಲ್ಲಿ ಹೆಚ್ಚಿನದು ನೀರು, ಸ್ವಲ್ಪ ಹಾಲಿನ ಅಂಶ. ತಣ್ಣಗಿರುವಾಗ ಇವೆಲ್ಲ ಒಂದಕ್ಕೊಂದು ಬೆರೆತು ನಿಂತಿರುತ್ತವೆ. ಜೋರು ಬಿಸಿಗೆ ಹಾಕಿದರೆ ಕೊಬ್ಬು ಮೇಲೆ, ನೀರು ಕೆಳಗೆ. ಊಟದ ಮನೆಗಳಲ್ಲಿ ನನ್ನ ತಟ್ಟೆಗೆ ಬರುವುದು ಹೆಚ್ಚಾಗಿ ಇದೇ, ಎಣ್ಣೆಯಲ್ಲಿ ತೇಲುವ ಸೊಪ್ಪು. ಮೊದಲೇ ಕೊಬ್ಬಿರುವ ಮೀನಿಗೆ ಇನ್ನಷ್ಟು ಎಣ್ಣೆ.

ಫ್ರಾನ್ಸಿನ ನಾಂತ್ ಕಡೆಯವರ ಉಪಾಯ ಸುಲಭ. ಸಣ್ಣ ಈರುಳ್ಳಿಯನ್ನು ವಿನೆಗರ್ ಮತ್ತು ವೈನಿನಲ್ಲಿ ಕುದಿಸಿ ಒಂದು ಚಮಚಕ್ಕೆ ಇಳಿಸುತ್ತಾರೆ. ಆಮೇಲೆ ಸಣ್ಣ ಉರಿಯಲ್ಲಿ ತಣ್ಣನೆಯ ಬೆಣ್ಣೆಯ ತುಂಡುಗಳನ್ನು ಒಂದೊಂದಾಗಿ ಹಾಕಿ ತಿರುಗಿಸುತ್ತಾರೆ. ಆ ಹುಳಿ ನೀರಿನ ಜೊತೆ ಬೆಣ್ಣೆ ಬೆರೆತು ಕೆನೆಯಷ್ಟು ದಪ್ಪಗಾಗುತ್ತದೆ. ಕುದಿಯಬಾರದು. ಕುದಿದರೆ ಒಡೆಯಿತು. ಅವರ ಸಣ್ಣ ಈರುಳ್ಳಿಗೆ ನಮ್ಮಲ್ಲಿ ಸಾಂಬಾರ್ ಈರುಳ್ಳಿ ಇದೆ. ವೈನ್ ಇಲ್ಲದಿದ್ದರೂ ನಡೆಯುತ್ತದೆ. ನೀರು ಮತ್ತು ವಿನೆಗರ್ ಸಾಕು.

ಬೆಣ್ಣೆ ನಂದಿನಿಯ ಉಪ್ಪಿಲ್ಲದ್ದಾದರೆ ಉಪ್ಪು ನಮ್ಮ ಕೈಯಲ್ಲಿ ಇರುತ್ತದೆ. ಉಪ್ಪಿನ ಬೆಣ್ಣೆ ಹಾಕಿದರೆ ಬೇರೆ ಉಪ್ಪು ಮುಟ್ಟಬೇಡಿ. ಊರಿನಿಂದ ಅತ್ತೆ ತರುವ ಬೆಣ್ಣೆಯದು ಬೇರೆಯೇ ಕಥೆ. ಅದು ಮೊಸರು ಕಡೆದು ತೆಗೆದದ್ದು, ಹಾಗಾಗಿ ಸಣ್ಣ ಹುಳಿ ಇರುತ್ತದೆ. ಯುರೋಪಿನ ಅಂಗಡಿಗಳಲ್ಲಿ ಹುದುಗಿಸಿದ ಕೆನೆಯ ಬೆಣ್ಣೆಗೆ ಜಾಸ್ತಿ ಬೆಲೆ. ನಮ್ಮ ಹಳ್ಳಿಮನೆಗಳಲ್ಲಿ ಬೇರೆ ತರದ ಬೆಣ್ಣೆಯೇ ಇರಲಿಲ್ಲ. ಈ ಬೆಣ್ಣೆ ಸಾಸ್‌ಗೆ ಹೇಳಿ ಮಾಡಿಸಿದ್ದು. ಆದರೆ ನೀರಿನ ಅಂಶ ಜಾಸ್ತಿ, ಹಾಗಾಗಿ ಮೀನು ಕಾಯಿಸಲು ಹಾಕಬೇಡಿ. ಚಟಪಟ ಸಿಡಿದು ಕೈ ಸುಡುತ್ತದೆ.

ಒಲೆ ಮುಂದೆ

ಇಬ್ಬರಿಗೆ ಅಂದರೆ ಚರ್ಮ ಇರುವ ಎರಡು ತುಂಡು, ಒಂದೊಂದು 150 ಗ್ರಾಂ ಆಸುಪಾಸು. ಬಾಲದ ಕಡೆಯದು ಬೇಡ, ತೆಳ್ಳಗಿರುತ್ತದೆ. ನಡುವಿನದನ್ನೇ ಕೇಳಿ. ಫ್ರೋಜನ್ ಆದರೆ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ನೀರಿನಲ್ಲಿ ನೆನೆಸುವುದು ಬೇಡ. ಬೆರಳಾಡಿಸಿ ಮುಳ್ಳು ಸಿಕ್ಕಿದರೆ ಚಿಮುಟದಲ್ಲಿ ಎಳೆಯಿರಿ. ಉಪ್ಪು ಸವರಿ 20 ನಿಮಿಷ ಬಿಡಿ. ಇದನ್ನು ಬಿಡಬೇಡಿ. ಉಪ್ಪು ಒಳಗೆ ಇಳಿದರೆ ಬೇಯುವಾಗ ಮೇಲೆ ಉಕ್ಕಿ ಬರುವ ಆ ಬಿಳಿ ಗಸಿಯಂಥದ್ದು ಕಡಿಮೆಯಾಗುತ್ತದೆ. ಅದು ಮೀನಿನ ಪ್ರೋಟೀನು. ಜಾಸ್ತಿ ಬಂದಿದೆ ಅಂದರೆ ಉರಿ ಜಾಸ್ತಿಯಾಗಿದೆ ಅಂತ ಅರ್ಥ. ಆಮೇಲೆ ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒರೆಸಿ.

ಸಾಸ್‌ಗೆ 60 ಗ್ರಾಂ ತಣ್ಣನೆಯ ಬೆಣ್ಣೆ, ಸಣ್ಣ ತುಂಡುಗಳಾಗಿ. ಸಾಂಬಾರ್ ಈರುಳ್ಳಿ ನಾಲ್ಕು, ಬೆಳ್ಳುಳ್ಳಿ ಮೂರು ಎಸಳು, ಹಸಿಮೆಣಸು ಒಂದು. ಸಬ್ಬಸಿಗೆ ಒಂದು ಕಟ್ಟು. ಸ್ವಲ್ಪ ಅಲ್ಲ, ಕಟ್ಟು. ಹೆಚ್ಚಿದ ಎಲೆ ಎರಡು ಮುಷ್ಟಿ ತುಂಬಬೇಕು. ಒಂದು ಚಮಚ ಬೆಣ್ಣೆಯಲ್ಲಿ ಈರುಳ್ಳಿ, ದಂಟು, ಬೆಳ್ಳುಳ್ಳಿ ಮೆತ್ತಗಾಗಲಿ, ಬಣ್ಣ ಬರಬಾರದು. ಎರಡು ಚಮಚ ವಿನೆಗರ್, ನಾಲ್ಕು ಚಮಚ ನೀರು ಹಾಕಿ ಬಹುತೇಕ ಆರುವವರೆಗೆ ಕುದಿಸಿ. ಇಲ್ಲಿಗೆ ನಿಲ್ಲಿಸಿ ಮೀನಿಗೆ ಬನ್ನಿ.

ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ. ಬೆಣ್ಣೆ ಬೇಡ, ಎಣ್ಣೆ. ಚರ್ಮದ ಕಡೆ ಕೆಳಗೆ ಹಾಕಿ ಸಟ್ಟುಗದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಮಡಚಿಕೊಳ್ಳುತ್ತದೆ. ಉರಿ ಮಧ್ಯಮಕ್ಕೆ ಇಳಿಸಿ. ಆಮೇಲೆ ಮುಟ್ಟಬೇಡಿ. ಪಕ್ಕದಿಂದ ನೋಡುತ್ತಿದ್ದರೆ ತಿಳಿ ಬಣ್ಣ ಕೆಳಗಿನಿಂದ ಮೇಲೆ ಏರುವುದು ಕಾಣುತ್ತದೆ. ಮುಕ್ಕಾಲು ಭಾಗ ಏರಿದಾಗ ತಿರುಗಿಸಿ, ಒಂದು ನಿಮಿಷದೊಳಗೆ ಇಳಿಸಿ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಮೀನಿನ ಒಳಗೆ 63 ಡಿಗ್ರಿ ಆಗಬೇಕು. ಹೋಟೆಲಿನ ಶೆಫ್‌ಗಳು 50ರ ಆಸುಪಾಸಿನಲ್ಲೇ ಇಳಿಸುತ್ತಾರೆ. ನಾನು ನಡುವೆ ಎಲ್ಲೋ ನಿಲ್ಲುತ್ತೇನೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಪೂರ್ತಿ ಬೇಯಿಸಿ, ವಾದ ಬೇಡ.

ಮೀನು ಪಕ್ಕದಲ್ಲಿ ಸುಧಾರಿಸಿಕೊಳ್ಳುವಾಗ ಸಾಸ್ ಮುಗಿಸಿ. ತೀರಾ ಸಣ್ಣ ಉರಿ, ಬೆಣ್ಣೆ ಒಂದೊಂದೇ ತುಂಡು, ಕೈ ನಿಲ್ಲಬಾರದು. ಒಡೆಯುವ ಲಕ್ಷಣ ಕಂಡರೆ ಒಲೆಯಿಂದ ಎತ್ತಿ ಒಂದು ಚಮಚ ತಣ್ಣೀರು ಹಾಕಿ ತಿರುಗಿಸಿ, ಹೆಚ್ಚಾಗಿ ಸರಿಹೋಗುತ್ತದೆ. ಒಲೆ ಆರಿಸಿ ಎಲೆ, ಹಸಿಮೆಣಸು, ನಿಂಬೆಸಿಪ್ಪೆಯ ತುರಿ, ಅರ್ಧ ನಿಂಬೆಯ ರಸ. ನಿಂಬೆರಸ ಕುದಿಸಬೇಡಿ, ಘಮ ಹೋಗುತ್ತದೆ. ರುಚಿ ನೋಡಿದಾಗ ಸಾಸ್ ಒಂಟಿಯಾಗಿ ಸ್ವಲ್ಪ ಅತಿ ಅನಿಸಬೇಕು. ಹುಳಿ ಒಂದು ಕೈ ಮೇಲೆ ಇರಬೇಕು. ಮೀನಿನ ಜೊತೆ ಹೋದಾಗ ಅದು ಸರಿಯಾಗುತ್ತದೆ. ಬೋಲ್ಡ್ ಅನ್ನುವುದಕ್ಕೆ ನನ್ನ ಅಳತೆ ಇದೇ. ಸಾಸ್ ತಟ್ಟೆಗೆ ಮೊದಲು, ಮೀನು ಅದರ ಮೇಲೆ, ಚರ್ಮ ಮೇಲ್ಮುಖ. ಗರಿಗರಿಯಾದ ಚರ್ಮವನ್ನು ಸಾಸಿನಲ್ಲಿ ಮುಳುಗಿಸಿದರೆ ಅಷ್ಟು ಹೊತ್ತು ಕಾದದ್ದು ದಂಡ.

ಅತ್ತೆಗೆ ಬಡಿಸಿದಾಗ ಅವರು ಮೀನಿಗಿಂತ ಮೊದಲು ಸಾಸನ್ನೇ ಬೆರಳಲ್ಲಿ ನೆಕ್ಕಿ ನೋಡಿದರು. "ಸೊಪ್ಪು ಚೆನ್ನಾಗೈತೆ" ಅಂದರು. ಮೀನಿನ ಬಗ್ಗೆ ಕೇಳಿದರೆ, "ಮುಳ್ಳಿಲ್ಲ ಅಲ್ವಾ, ತಿನ್ಬೋದು" ಅಂದರು. ಅಂಚಿನಲ್ಲಿ ಉಳಿದದ್ದನ್ನು ಅಕ್ಕಿ ರೊಟ್ಟಿಯಲ್ಲಿ ಒರೆಸಿ ತಿಂದರು. ಸಾಲ್ಮನ್ ಜೊತೆ ಬೇಯಿಸಿದ ಆಲೂಗಡ್ಡೆ ಇಡುವವರು ಇಡಲಿ. ನಮ್ಮ ಮನೆಯಲ್ಲಿ ಈಗ ಅಕ್ಕಿ ರೊಟ್ಟಿಯೇ ಜೊತೆಗಾರ. ಕುಚ್ಚಲಕ್ಕಿ ಗಂಜಿಯೂ ಆಗುತ್ತದೆ. ಆಗ ಸಾಸಿಗೆ ಇನ್ನೊಂದು ಹಸಿಮೆಣಸು ಬೇಕು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳದೆ ಹೋದರೆ ಅಮ್ಮ ಸುಮ್ಮನಿರುವುದಿಲ್ಲ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗೆ ಇಳಿದು ಕೊಬ್ಬಿದ ಬಂಗುಡೆ ಬರಲು ಶುರುವಾದಾಗ ಇದೇ ಸಾಸನ್ನು ಅದಕ್ಕೂ ಮಾಡಿ ನೋಡಿ. ಮುಳ್ಳು ತೆಗೆಸಿ, ಎರಡು ಹೋಳು ಮಾಡಿಸಿ, ಚರ್ಮದ ಕಡೆ ಮಾತ್ರ ಕಾಯಿಸಿ. ಬಂಗುಡೆಗೂ ಸ್ವಂತ ಕೊಬ್ಬು ಇದೆ, ಹಾಗಾಗಿ ಈ ಹುಳಿ, ಸೊಪ್ಪಿನ ಬೆಣ್ಣೆಯ ಮುಂದೆ ಅದು ಸೋಲುವುದಿಲ್ಲ. ಕಾಣೆಗೆ ಮಾತ್ರ ಬೇಡ. ಅದು ನಾಜೂಕಿನ ಮೀನು, ಕೊಬ್ಬು ಕಡಿಮೆ, ಈ ಸಾಸಿನ ಜೋರಿನಲ್ಲಿ ಕಳೆದೇ ಹೋಗುತ್ತದೆ. ಅದಕ್ಕೆ ರವೆ ಫ್ರೈಯೇ ಸರಿ.

ಸೊಪ್ಪಿನ ಎಲೆ ಉಳಿದರೆ ಮೆತ್ತಗಿನ ಬೆಣ್ಣೆಗೆ ಬೆಳ್ಳುಳ್ಳಿ, ಉಪ್ಪು, ನಿಂಬೆಸಿಪ್ಪೆ ಸೇರಿಸಿ ಕಲೆಸಿ, ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಡಿ. ಮರುದಿನ ಬೆಳಗ್ಗೆ ಸೆಟ್ ದೋಸೆ ಮೇಲೆ ಒಂದು ಬಿಲ್ಲೆ ಹಾಕಿ. ನೀರು ದೋಸೆಗೆ ಹಾಕಬೇಡಿ, ಹರಿದುಹೋಗುತ್ತದೆ.